ಹಚ್ಚೀನಿ ಎಂಬ ಒಂದು ಮಾತು

ಸರಿರಾತ್ರಿ ದಾಟಿದ ಮೇಲೆ ಕಿಟಕಿಯ ಆಚೆ ‘ಟಣ್’ ಎಂದಿತು. ದೊಡ್ಡ ಸಪ್ಪಳವೇನಲ್ಲ. ಕಬ್ಬಿಣ ಕಲ್ಲಿಗೆ ತಾಗಿದಷ್ಟೇ.

ಶಶಿಕಲಾ ಹಾಸಿಗೆಯಲ್ಲಿ ಎದ್ದು ಕುಳಿತಳು. ಯಾರೋ ಬೈಕ್ ನಿಲ್ಲಿಸಿ ಅದರ ಸ್ಟ್ಯಾಂಡನ್ನು ಮನೆ ಮುಂದಿನ ಶಹಾಬಾದ್ ಕಲ್ಲಿನ ಮೇಲೆ ಇಳಿಸಿದ್ದರು. ಇನ್ನು ಹೆಜ್ಜೆಯ ಸಪ್ಪಳ ಬರಬೇಕು, ಆಮೇಲೆ ಚಿಲಕ ಅಲುಗಬೇಕು ಎಂದು ಕಾದಳು. ಎರಡೂ ಆಗಲಿಲ್ಲ. ದೀಪ ಹಾಕಿದರೆ ತಾನು ಎಚ್ಚರವಿರುವುದು ಹೊರಗಿನವರಿಗೆ ತಿಳಿಯುತ್ತದೆ ಎಂದು ಕತ್ತಲಲ್ಲೇ ಕುಳಿತಳು. ಬಹಳ ಹೊತ್ತಿನ ಮೇಲೆ ಬೈಕ್ ಚಾಲೂ ಆಗಿ ಸ್ಟೇಷನ್ ರಸ್ತೆಯ ಕಡೆ ಹೋಯಿತು.

ವಿಶ್ವವಿದ್ಯಾಲಯದಿಂದ ಹೊರಹಾಕಿದ್ದ ತನ್ನ ವಿದ್ಯಾರ್ಥಿ ದುರುಗೇಶನ ಮೇಲ್ಮನವಿಯಲ್ಲಿ ಅವನ ಪರವಾಗಿ ಮಾತನಾಡಲು ಒಪ್ಪಿಕೊಂಡ ಮೇಲೆ, ಯಾರೋ ಹೀಗೆ ಬಂದು ನಿಂತು ಹೋಗುವುದು ಇದು ಮೊದಲ ಸಲವಲ್ಲ.

ಬೆಳಿಗ್ಗೆ ಮನೆಯೊಡತಿ ನೇತ್ರಾವತಿ ಅಂಗಳಕ್ಕೆ ನೀರು ಹೊಡೆಯುತ್ತ, ಕಲ್ಲಿನ ಮೇಲೆ ಬಿದ್ದಿದ್ದ ಎಣ್ಣೆಯ ಕಲೆಯನ್ನು ಕಾಲಿನಿಂದ ಉಜ್ಜಿ ನೋಡಿದಳು.

“ರಾತ್ರಿ ಯಾರರ ಬಂದಿದ್ರೇನ್ರಿ ನಿಮ್ಮ ಕಡೆ?”

“ಇಲ್ಲಲ್ರಿ. ಯಾಕ?”

“ಮತ್ತ ಇಲ್ಲಿ ಯಾರು ಹಚ್ಚಿದ್ರು? ಎಣ್ಣಿ ಸೋರಿ ಕಲ್ಲೆಲ್ಲಾ ಹೊಲಸಾಗ್ಯಾದ. ಹಚ್ಚಾಕ ನಮ್ಮ ಅಂಗಳಾನ ಬೇಕೇನು ಅವರಿಗೆ?”

ಶಶಿಕಲಾಳ ಕೈಯಲ್ಲಿದ್ದ ಚಹದ ಲೋಟ ತುಟಿಯವರೆಗೆ ಹೋಗಿ ನಿಂತಿತು.

ಮಾನ್ವಿಯಲ್ಲಿ ಹುಟ್ಟಿ ಬೆಳೆದವಳಿಗೆ ಈ ಮಾತು ಹೊಸದಲ್ಲ. ಗಾಡಿ ನಿಲ್ಲಿಸುವುದಕ್ಕೆ ಈ ಕಡೆ ಎಲ್ಲರೂ ‘ಹಚ್ಚುವುದು’ ಎನ್ನುತ್ತಾರೆ. ಗಾಡಿ ಎಲ್ಲಿ ಹಚ್ಚಿದಿ, ಆ ಗಿಡದ ನೆರಳಿಗೆ ಹಚ್ಚು, ಇಲ್ಲಿ ಹಚ್ಚಬ್ಯಾಡ. ಎಷ್ಟು ಬಳಕೆಯ ಮಾತೆಂದರೆ ಅದು ಕಿವಿಗೆ ಬಿದ್ದದ್ದೂ ತಿಳಿಯುವುದಿಲ್ಲ. ಅದಕ್ಕೇ ಅವಳಿಗೂ ಇಷ್ಟು ದಿನ ತಿಳಿದಿರಲಿಲ್ಲ.

ಶಿಸ್ತು ಸಮಿತಿಯ ಅಧ್ಯಕ್ಷರು ಮೈಸೂರು ಸೀಮೆಯವರು. ರಾಯಚೂರಿನ ಎಡೆದೊರೆ ವಿಶ್ವವಿದ್ಯಾಲಯಕ್ಕೆ ಈಚೆಗೆ ವರ್ಗವಾಗಿ ಬಂದವರು. ಸಹಾಯಕ್ಕೆ ನಿಂತ ಶಿಕ್ಷಕಿ ಎಂದು ಅವಳು ಅವರನ್ನು ಕಾಣಲು ಹೋದಾಗ, ವಿಚಾರಣೆಯ ದಿನ ಹುಡುಗ ಹೇಗೆ ಒಪ್ಪಿಕೊಂಡ ಎಂಬುದನ್ನು ಅವನ ಧಾಟಿಯಲ್ಲೇ ಅಣಕಿಸಿ ತೋರಿಸಿದ್ದರು. “ನಾವೇನೂ ಹೆದರಿಸಲಿಲ್ಲಮ್ಮ. ಅವನೇ ತಾನಾಗಿ ಹೇಳಿದ, ‘ನಾನೇ ಹಚ್ಚೀನ್ರಿ ಸರ’ ಅಂತ. ಇನ್ನೇನು ಬೇಕು?” ಆಗ ಅವಳಿಗೆ ನೊಂದದ್ದು ಅಣಕಿಸಿದ್ದಕ್ಕೆ ಮಾತ್ರ. ಮಾತನ್ನು ಅವಳು ಕೇಳಿಸಿಕೊಂಡೇ ಇರಲಿಲ್ಲ.

ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದಿನ ಜನರೇಟರ್ ಶೆಡ್ಡು ಸುಟ್ಟುಹೋಗಿತ್ತು. ಶೆಡ್ಡಿನ ಪಕ್ಕದಲ್ಲಿ ದುರುಗೇಶನ ಹಳೆಯ ಬೈಕೂ ಸುಟ್ಟು ಕರಿ ಹಂದರವಾಗಿ ಸಿಕ್ಕಿತ್ತು. ಬೆಂಕಿ ಆರಿಸಲು ಒಳಗೆ ನುಗ್ಗಿದ ಕಾವಲುಗಾರ ದಸ್ತಗೀರ್ ಸಾಬರ ಎರಡೂ ಕೈ ಬೆಂದಿದ್ದವು. ಕರೆಂಟು ಹೋದಾಗ ಹಾಸ್ಟೆಲಿಗೆ ಜನರೇಟರ್ ಹಾಕುವುದಿಲ್ಲವೆಂದು ಹಿಂದಿನ ವಾರವಷ್ಟೇ ಕುಲಪತಿಗಳ ಕಚೇರಿಯೆದುರು ಘೋಷಣೆ ಕೂಗಿಸಿದವನು ಇದೇ ದುರುಗೇಶ. ಅಂಥವನು ‘ಹಚ್ಚೀನ್ರಿ’ ಎಂದರೆ ಅಧ್ಯಕ್ಷರ ಕಿವಿಗೆ ಬೆಂಕಿಯಲ್ಲದೆ ಬೇರೇನು ಕೇಳಿಸೀತು?

ಆದೇಶ ಮಾತ್ರ ಒಳ್ಳೆಯ ಗ್ರಂಥದ ಕನ್ನಡದಲ್ಲಿತ್ತು. ‘ತಾನೇ ಬೆಂಕಿ ಹಚ್ಚಿರುವುದಾಗಿ ಸ್ವಇಚ್ಛೆಯಿಂದ ಒಪ್ಪಿಕೊಂಡಿರುವುದರಿಂದ ಎರಡು ವರ್ಷ ಹೊರಹಾಕಲಾಗಿದೆ.’ ಅವನು ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದ. ಪರೀಕ್ಷೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

ಅವಳು ಚಹ ಕೆಳಗಿಟ್ಟು, ಒಳಗೆ ಹೋಗಿ ಸೀರೆ ಬದಲಾಯಿಸಿ, ದೇವದುರ್ಗದ ಬಸ್ಸು ಹಿಡಿದಳು.

ದೇವದುರ್ಗದ ಬಸ್ ನಿಲ್ದಾಣದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಂಡಾಳ ಒಗ್ಗರಣೆಯ ಅಂಗಡಿಯ ಮುಂದೆ, ದುರುಗೇಶನ ಊರು ಮಸರಕಲ್ಲಿಗೆ ಹೋಗುವ ಟಂಟಂ ಆಟೋದಲ್ಲಿ ಜಾಗ ಸಿಕ್ಕಿತು. ಮಸರಕಲ್ಲಿನ ಯಾರ ಮನೆಗೆ ಎಂದು ಚಾಲಕ ಕೇಳಿದ. ಬೂದೆಮ್ಮನ ಮನೆ ಎಂದಾಗ, ಬೆಂಕಿ ಹಚ್ಚಿದ ಹುಡುಗನ ಮನೇನಾ ಎಂದು ಕನ್ನಡಿಯಲ್ಲೇ ಅವಳ ಮುಖ ನೋಡಿದ. ರಾಯಚೂರಿನಲ್ಲಿ ಸೂಚನಾ ಫಲಕಕ್ಕೆ ಅಂಟಿಸಿದ್ದ ಆದೇಶದ ಸಾಲು ಇಲ್ಲಿಯವರೆಗೆ ನಡೆದು ಬಂದಿತ್ತು.

ಬೂದೆಮ್ಮ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗಿ ಆಗಷ್ಟೇ ಬಂದಿದ್ದಳು. ಘಾಟಿಗೆ ಕಣ್ಣು ಕೆಂಪಾಗಿದ್ದವು. ಬಂದವಳು ಮಗನ ಮೇಡಂ ಎಂದು ತಿಳಿದು ಕಂಬಳಿ ಹಾಸಿ, ಅಷ್ಟು ದೂರ ಕುಳಿತಳು. ಕುಳಿತವಳು ಒಂದೇ ಮಾತು ಕೇಳಿದಳು.

“ಯವ್ವಾ, ಅಂವ ಅಂಥಾಂವ ಅಲ್ಲ. ಆದ್ರ ಅಷ್ಟು ಓದಿದವರೆಲ್ಲಾ ಕೂತು ಬರದಾರ ಅಂದ್ರ, ನಾ ಯಾರನ್ನ ನಂಬಲಿ?”

ಶಶಿಕಲಾ ದುರುಗೇಶನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದು, ಆ ದಿನ ಸಮಿತಿಯ ಮುಂದೆ ಅವರು ಏನು ಕೇಳಿದರು, ನೀನು ಏನು ಹೇಳಿದೆ, ಒಂದಕ್ಷರ ಬಿಡದೆ ಹೇಳು ಎಂದಳು.

ಹುಡುಗ ನೆನಪಿಸಿಕೊಂಡು ಹೇಳಿದ. ಅಧ್ಯಕ್ಷರು ಒಂದೇ ಉಸಿರಿನಲ್ಲಿ ಎರಡು ಮಾತು ಕೇಳಿದ್ದರು. ಶೆಡ್ಡಿಗೆ ಬೆಂಕಿ ಬಿದ್ದಿದೆ, ಶೆಡ್ಡಿನ ಗೋಡೆಗೆ ನಿನ್ನ ಬೈಕ್ ಒರಗಿದೆ, ಇದಕ್ಕೇನು ಹೇಳ್ತೀಯ? ಅವನು ಕೊನೆಯ ಮಾತಿಗಷ್ಟೇ ಉತ್ತರ ಕೊಟ್ಟಿದ್ದ.

“ನಾನೇ ಹಚ್ಚೀನ್ರಿ ಸರ ಅಂದೆ. ಗಾಡಿ ನಂದ ಐತಿ, ನಾನೇ ಅಲ್ಲಿ ಹಚ್ಚೀನಿ, ಸುಳ್ಳ ಯಾಕ ಹೇಳ್ಲಿ ಅಂತ. ಅವರು ಪೆನ್ ಕೆಳಗಿಟ್ಟು, ಆಯ್ತು ಹೋಗು ಅಂದ್ರು. ಇಷ್ಟ ಲಗೂ ಮುಗೀತಲ್ಲ ಅಂತ ಖುಷಿ ಆಗಿತ್ರಿ ನನಗ.”

ಅವನು ನಗಲು ನೋಡಿದ, ನಗು ಬರಲಿಲ್ಲ.

ತನ್ನ ಬೈಕನ್ನು ತಾನೇ ಸುಡುವವರು ಯಾರಾದರೂ ಇದ್ದಾರೆಯೇ ಎಂದು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಈಗ ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಆ ಹೊತ್ತಿನಲ್ಲಿ, ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದೆ ಬೈಕ್ ಏಕೆ ಹಚ್ಚಿದೆ?

ದುರುಗೇಶ ಕಾಲ ಹೆಬ್ಬೆರಳಿನಿಂದ ಮಣ್ಣು ಕೆದರಿದ. ಅದನ್ನೊಂದು ಬಿಟ್ಟು ಬೇರೇನಾದರೂ ಕೇಳಿರೆಂದ. ಅವಳು ಮತ್ತೆ ಕೇಳಿದಾಗ ಎದ್ದು ಹೋಗಿ ತಾಯಿಯ ಕೈಯಿಂದ ಕೊಡ ಇಸಿದುಕೊಂಡು ನೀರಿಗೆ ಹೋದ. ಅವಳು ಟಂಟಂ ಹತ್ತುವವರೆಗೂ ಬರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅವಳನ್ನು ಕಾಡಿದ್ದು ಹುಡುಗನ ಮೌನವಲ್ಲ, ಬೇರೆಯೇ ಒಂದು ಮಾತು. ಅಧ್ಯಕ್ಷರು ಮೈಸೂರಿನವರು, ಅವರಿಗೆ ಗೊತ್ತಿರಲಿಲ್ಲ, ಸರಿ. ಆದರೆ ವಿಚಾರಣೆಯನ್ನು ಬರೆದುಕೊಂಡವರು, ಹಚ್ಚೀನಿ ಎಂಬ ಬರೀ ಮಾತಿನ ಹಿಂದೆ ‘ಬೆಂಕಿ’ ಎಂಬ ಎರಡಕ್ಷರ ಸೇರಿಸಿದವರು, ಸಮಿತಿಯ ಕಾರ್ಯದರ್ಶಿ. ಆ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಯಶೋದಾ ಮೇಡಂ. ಅವರು ಸಿರವಾರದವರು. ಅಪ್ಪ ಭತ್ತದ ವ್ಯಾಪಾರಿ, ಮನೆಯ ಮುಂದೆ ದಿನವೂ ಲಾರಿ ಹಚ್ಚುತ್ತಿದ್ದ ಕಾಲದಲ್ಲಿ ಬೆಳೆದವರು.

ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ.

ಯಶೋದಾ ಮೇಡಂ ಅವಳಿಗೆ ಬರೀ ಮೇಡಂ ಅಲ್ಲ. ಬಿ.ಎ.ಯಲ್ಲಿ ಪಾಠ ಹೇಳಿದವರು, ಆಮೇಲೆ ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಹೆಸರು ಹೇಳಿದವರು. ಮೇಲ್ಮನವಿಯ ವಿಚಾರಣೆಯ ಹಿಂದಿನ ಸಂಜೆ ಅವಳು ಹಾಸ್ಟೆಲಿಗೆ ಹೋದಾಗ ಅವರು ಆಫೀಸಿನ ಕೋಣೆಯಲ್ಲಿ ಒಬ್ಬರೇ ಕುಳಿತು ಶೇಂಗಾ ಸುಲಿಯುತ್ತಿದ್ದರು. ಒಳಗಿನಿಂದ ತಟ್ಟೆಗಳ ಸದ್ದು, ಹುಡುಗಿಯರ ನಗು ಬರುತ್ತಿತ್ತು.

“ಬಾ ಶಶಿ. ಮಸರಕಲ್ಲಿನಾಗ ಬಿಸಲು ಭಾಳ ಇತ್ತೇನು?”

ಅವಳು ಹೋಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಬರುವಾಗ ದಾರಿಯುದ್ದಕ್ಕೂ ಪೋಣಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. ಕೊನೆಗೆ ಸೀದಾ ಕೇಳಿದಳು.

“ಮೇಡಂ, ದುರುಗೇಶ ಹಚ್ಚೀನಿ ಅಂದಿದ್ದು ಗಾಡಿ. ನಿಮಗದು ಅಲ್ಲೇ ಗೊತ್ತಾಗಿತ್ತು.”

ಯಶೋದಾ ಒಂದು ಶೇಂಗಾ ಒಡೆದು, ಬೀಜ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದರು.

“ಗೊತ್ತಾಗಿತ್ತು.”

ಇಲ್ಲವೆನ್ನುತ್ತಾರೆ, ಸಿಟ್ಟಾಗುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದೆಲ್ಲ ಶಶಿಕಲಾ ಎಣಿಸಿದ್ದಳು. ಇದೊಂದನ್ನು ಎಣಿಸಿರಲಿಲ್ಲ.

“ಮತ್ತ ಬೆಂಕಿ ಅಂತ ಯಾಕ ಬರದ್ರಿ?”

“ಅಧ್ಯಕ್ಷರು ಬರಿ ಅಂದ್ರು, ಬರದೆ. ಅವರು ಕೇಳಿದ್ದು ಬೆಂಕಿ, ಇಂವ ಹೇಳಿದ್ದು ಹಚ್ಚೀನಿ. ಏನ್ ಹಚ್ಚಿದಿ ಅಂತ ತಿರುಗಿ ಕೇಳೋದು ಅವರ ಕೆಲಸ. ಅವರು ಕೇಳಲಿಲ್ಲ. ಅಲ್ಲಿ ಕೂತವರ ಪೈಕಿ ಇನ್ನಿಬ್ಬರು ಈ ಕಡೆಯವರ ಇದ್ರು. ಅವರೂ ಕೇಳಲಿಲ್ಲ.”

“ಒಬ್ಬ ಹುಡುಗನ ಬಾಳೇ ಹಾಳಾಗಾಕತ್ತದ ಮೇಡಂ.”

“ಗೊತ್ತದ ಅಂದ್ನೆಲ್ಲ.” ಅವರ ದನಿ ಏರಲಿಲ್ಲ. “ನಾಳೆ ನೀ ಇದನ್ನ ಹೇಳು. ಚಂದಾಗಿ ಹೇಳು. ಮೇಲ್ಮನವಿಗೆ ಬರೋ ಜಡ್ಜ್ ಸಾಹೇಬ್ರು ಬಳ್ಳಾರಿ ಕಡೆಯವರು, ಅವರಿಗೆ ತಿಳೀತದ. ತಿಳದ ಮ್ಯಾಲ ಅವರು ಕೇಳೂದು ಒಂದ. ಅಲ್ಲಿ ಯಾಕ ಹಚ್ಚಿದಿ, ಹಿಂದ ಯಾರು ಕೂತಿದ್ರು?”

ಶಶಿಕಲಾಳ ಮುಖ ನೋಡಿ ಅವರಿಗೆ ಅರ್ಥವಾಯಿತು.

“ನಿನಗ ಹೇಳಿಲ್ಲ ಅಂವ. ದಸ್ತಗೀರ್ ಸಾಬ ಕೂತಿದ್ದ. ಆ ದಿನ ಡ್ಯೂಟಿ ಬಿಟ್ಟು ಮಗಳ ಹೆರಿಗಿಗೆ ಅಂತ ಮಾನ್ವಿಗೆ ಹೋಗಿದ್ದ. ರಾತ್ರಿ ಬಸ್ಸಿಲ್ಲಂತ ಈ ಹುಡುಗ ಹೋಗಿ ಕರಕೊಂಡು ಬಂದ. ಗಾಡಿ ಹಚ್ಚಿ ಇಳಿಯೂದ್ರಾಗ ಶೆಡ್ ಹತ್ತಿ ಉರಿಯಾಕತ್ತಿತ್ತು.”

ಆಮೇಲೆ ಅವರು ಉಳಿದದ್ದನ್ನು ಲೆಕ್ಕದ ಪಾಠ ಹೇಳುವಂತೆ ಹೇಳಿದರು. ಕಾವಲುಗಾರ ಸ್ಥಳದಲ್ಲೇ ಇದ್ದು ಬೆಂಕಿಗೆ ನುಗ್ಗಿದ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯ ಅವನ ಆಸ್ಪತ್ರೆಯ ಖರ್ಚು ಕೊಟ್ಟಿದೆ, ಕೆಲಸವನ್ನೂ ಉಳಿಸಿದೆ. ಅವನು ಗೇಟಿನಲ್ಲಿ ಇರಲೇ ಇಲ್ಲ ಎಂದಾದರೆ ಎರಡೂ ಹೋಗುತ್ತವೆ. ಮೇಲೆ ಹೆಣ್ಣುಮಕ್ಕಳ ಹಾಸ್ಟೆಲನ್ನು ಕಾವಲಿಲ್ಲದೆ ಬಿಟ್ಟು ಹೋದನೆಂಬ ಕೇಸು ಅವನ ಕೊರಳಿಗೇ ಬೀಳುತ್ತದೆ. ಬೆಂದ ಎರಡು ಕೈಯ ಮುದುಕ ಎಲ್ಲಿಗೆ ಹೋಗಬೇಕು?

“ಅದಕ್ಕ ಹುಡುಗ ಬಾಯಿ ಬಿಡವಲ್ಲ. ಅವನಿಗಿರೋವಷ್ಟು ತಿಳುವಳಿಕಿ ನಿನಗಿಲ್ಲಲ್ಲ ಶಶಿ.”

ಅವಳು ಎದ್ದು ನಿಂತಳು. ಬಾಗಿಲವರೆಗೆ ಹೋದ ಮೇಲೆ ಹಿಂದಿನಿಂದ ಅವರ ದನಿ ಬಂತು. ಜೂನ್ ತಿಂಗಳಿಗೆ ಅವಳ ಕೆಲಸದ ಆರ್ಡರು ಹೊಸದಾಗಿ ಆಗಬೇಕಾದದ್ದು ನೆನಪಿದೆಯೇ ಎಂದು ಬಹಳ ಅಕ್ಕರೆಯಿಂದ ಕೇಳಿದರು.

ಮೇಲ್ಮನವಿಯ ವಿಚಾರಣೆ ಆಡಳಿತ ಕಟ್ಟಡದ ಸಭಾಂಗಣದಲ್ಲಿ ನಡೆಯಿತು. ಉದ್ದದ ಮೇಜು, ಬಿಳಿ ಬಟ್ಟೆ, ನೀರಿನ ಬಾಟಲಿಗಳು. ನಡುವೆ ನಿವೃತ್ತ ನ್ಯಾಯಾಧೀಶರು, ಒಂದು ಬದಿಗೆ ಶಿಸ್ತು ಸಮಿತಿಯ ಅಧ್ಯಕ್ಷರು, ಇನ್ನೊಂದು ಬದಿಗೆ ಯಶೋದಾ. ಮೊದಲ ಸಮಿತಿಯಲ್ಲಿ ತೀರ್ಪು ಕೊಟ್ಟವರೇ ಮೇಲ್ಮನವಿಯ ಮೇಜಿನಲ್ಲೂ ಕೂರುವುದು ಸರಿಯೇ ಎಂದು ಶಶಿಕಲಾ ಲಿಖಿತವಾಗಿ ಕೇಳಿದ್ದಳು. ಅದು ರೂಢಿ ಎಂದು ಬಾಯಿಮಾತಿನ ಉತ್ತರ ಬಂದಿತ್ತು.

ದುರುಗೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವನಿಗೆ ಕುರ್ಚಿ ಹಾಕಿರಲಿಲ್ಲ. ಅವನು ನಿಂತೇ ಇದ್ದ. ಶಶಿಕಲಾ ಕುಳಿತು ಮಾತನಾಡಲಾರದೆ ತಾನೂ ಎದ್ದು ನಿಂತಳು.

ರಾತ್ರಿಯೆಲ್ಲ ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದಳು. ಮಾತಿನ ಅರ್ಥವನ್ನಷ್ಟೇ ಹೇಳುವುದು. ಒಪ್ಪಿಗೆಯೇ ಒಪ್ಪಿಗೆಯಲ್ಲ ಎಂದಾದರೆ ಆದೇಶಕ್ಕೆ ಬುಡವೇ ಇರುವುದಿಲ್ಲ. ಬೈಕ್ ಅಲ್ಲಿ ಏಕಿತ್ತು ಎಂಬುದನ್ನು ಹುಡುಗ ಹೇಳಬೇಕಾದ ಜರೂರೂ ಇರುವುದಿಲ್ಲ. ಬೆಂಕಿಯನ್ನು ಯಾರು ಹಚ್ಚಿದರೆಂದು ರುಜುವಾತು ಮಾಡಬೇಕಾದವರು ವಿಶ್ವವಿದ್ಯಾಲಯದವರು.

ಅಧ್ಯಕ್ಷರು ಎರಡು ಪ್ರಶ್ನೆಗಳನ್ನು ಒಂದಾಗಿ ಕೇಳಿದ್ದು, ಹುಡುಗ ಒಂದಕ್ಕೆ ಉತ್ತರ ಕೊಟ್ಟದ್ದು, ಈ ಸೀಮೆಯಲ್ಲಿ ಹಚ್ಚುವುದು ಎಂದರೆ ಏನೆಂಬುದು, ಎಲ್ಲವನ್ನೂ ಹೇಳಿದಳು. ಅವನ ಬೈಕೂ ಸುಟ್ಟಿದೆ, ಅದೊಂದೇ ಅವನ ಹೆಸರಿನಲ್ಲಿದ್ದ ಆಸ್ತಿ ಎಂದಳು. ಬಾಗಿಲ ಬಳಿ ನಿಂತಿದ್ದ ಜವಾನ ಅಯ್ಯಣ್ಣ ನಗು ತಡೆಯಲಾರದೆ ಮುಖ ತಿರುಗಿಸಿದ.

ನ್ಯಾಯಾಧೀಶರು ಅವನನ್ನೇ ಕರೆದರು. “ಏನಪ್ಪಾ, ನೀ ಬರೋವಾಗ ಸೈಕಲ್ ತಂದಿಯಲ್ಲ, ಏನ್ ಮಾಡಿದಿ?”

“ಗಿಡದ ಕೆಳಗ ಹಚ್ಚಿ ಬಂದೀನ್ರಿ ಸಾಹೇಬ್ರ.”

ಈ ಸಲ ಮೇಜಿನ ಸುತ್ತ ಕುಳಿತವರೂ ನಕ್ಕರು. ಮೈಸೂರಿನ ಅಧ್ಯಕ್ಷರ ಮುಖ ಕೆಂಪಾಯಿತು. ತಾನು ಈ ಭಾಷೆಯಲ್ಲಿ ಇಷ್ಟು ದಿನ ತಮಾಷೆ ಮಾಡಿದ್ದೇ ಹೊರತು ಅದನ್ನು ಕಲಿಯಲಿಲ್ಲ ಎಂದು ಅವರಿಗೆ ಅನ್ನಿಸಿತೋ ಏನೋ, ತಲೆ ತಗ್ಗಿಸಿ ಹಾಳೆ ಜೋಡಿಸತೊಡಗಿದರು. ಇಂಥ ಒಪ್ಪಿಗೆಯ ಮೇಲೆ ಒಬ್ಬನನ್ನು ಹೊರಹಾಕುವುದು ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ನ್ಯಾಯಾಧೀಶರು ಹೇಳಲು ಸುರುಮಾಡಿದ್ದರು. ದುರುಗೇಶನ ಹೆಗಲು ಸಡಿಲವಾದದ್ದನ್ನು ಶಶಿಕಲಾ ಕಂಡಳು. ಎಷ್ಟೋ ದಿನಗಳ ಮೇಲೆ ಅವಳಿಗೆ ತನ್ನ ಉಸಿರು ತನಗೆ ಸಿಕ್ಕಿತು.

ಯಶೋದಾ ಬೆರಳೆತ್ತಿ ಅಪ್ಪಣೆ ಕೇಳಿದರು.

“ಒಂದ ಪ್ರಶ್ನಿ ಸರ್. ದಾಖಲಾತಿಗೆ ಅಷ್ಟ.” ಅವರು ಹುಡುಗನ ಕಡೆ ತಿರುಗಿದರು. “ಗಾಡಿ ನೀ ಹಚ್ಚಿದಿ, ಒಪ್ಪಿದ್ವಿ. ಗಾಡಿ ಮ್ಯಾಗ ನಿನ್ನ ಹಿಂದ ಯಾರು ಕೂತಿದ್ರು?”

ನ್ಯಾಯಾಧೀಶರು ಪೆನ್ ಹಿಡಿದು ಕಾದರು. ಅವರಿಗೂ ಅದು ನ್ಯಾಯವಾದ ಪ್ರಶ್ನೆಯಾಗಿಯೇ ಕಂಡಿತ್ತು.

ಇದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ ಎಂದು ಶಶಿಕಲಾ ನಡುವೆ ಬಂದಳು. ಅಗತ್ಯವಿದೆಯೋ ಇಲ್ಲವೋ ತಾವು ಹೇಳುತ್ತೇವೆ ಎಂದು ನ್ಯಾಯಾಧೀಶರು ಅವಳನ್ನು ಕೂರಿಸಿದರು. ಹಾಗಾದರೆ ಗೇಟಿನ ಕಾವಲುಗಾರನನ್ನೇ ಕರೆಸಿ ಕೇಳಬಹುದಲ್ಲ ಎಂದು ಯಶೋದಾ ಮೆಲ್ಲಗೆ ಸೂಚಿಸಿದರು. ಆ ಮಾತು ಬಂದ ಕೂಡಲೇ ದುರುಗೇಶ ತಲೆಯೆತ್ತಿದ. ಮೊದಲು ಯಶೋದಾರನ್ನು ನೋಡಿದ, ಆಮೇಲೆ ಶಶಿಕಲಾಳನ್ನು. ಕ್ಷಮೆ ಕೇಳುವವನ ನೋಟವಾಗಿತ್ತು ಅದು.

“ಚಾಚಾನ್ನ ಕರೀಬ್ಯಾಡ್ರಿ ಸಾಹೇಬ್ರ. ಹಿಂದ ಯಾರೂ ಇರಲಿಲ್ಲ. ಈ ಮೇಡಮ್ಮರು ಹೇಳಿದ್ದು ಖರೇ ಅಲ್ಲ, ಅವರಿಗೆ ಗೊತ್ತಿಲ್ಲ. ನಾನು ಬೆಂಕಿನ ಹಚ್ಚೀನಿ.”

ನ್ಯಾಯಾಧೀಶರು ಹಿಡಿದಿದ್ದ ಪೆನ್ನನ್ನು ಕೆಳಗಿಟ್ಟರು.

“ಏನಂದಿ?” ಎಂದರು ನ್ಯಾಯಾಧೀಶರು.

“ಬೆಂಕಿ, ಸಾಹೇಬ್ರ. ಬೆಂಕಿ ಹಚ್ಚೀನಿ.”

ಈ ಸಲ ಅವನು ಮೈಸೂರಿನವರಿಗೂ ತಿಳಿಯುವ ಕನ್ನಡದಲ್ಲಿ ಹೇಳಿದ್ದ. ಯಶೋದಾ ಅದನ್ನು ಬರೆದುಕೊಂಡರು. ತೀರ್ಪನ್ನು ಸೋಮವಾರ ತಿಳಿಸುವುದಾಗಿ ಹೇಳಿ ನ್ಯಾಯಾಧೀಶರು ಎದ್ದರು. ಹೋಗುವಾಗ ಶಶಿಕಲಾಳ ಕಡೆ ನೋಡಿ, ಪಾಪದ ಹೆಣ್ಣುಮಗಳು ಮೋಸಹೋದಳು ಎನ್ನುವಂತೆ ತಲೆಯಾಡಿಸಿದರು.

ಹೊರಗೆ ಮೆಟ್ಟಿಲ ಮೇಲೆ ಅವಳು ದುರುಗೇಶನನ್ನು ತಡೆದಳು. ಬಯ್ಯಬೇಕೆಂದಿದ್ದಳು, ಆಗಲಿಲ್ಲ. ಹುಡುಗರ ಹಾಸ್ಟೆಲಿನಲ್ಲಿ ಮೆಸ್ಸು ಬಂದ್ ಆಗಿ ಅವನು ಉಪವಾಸವಿದ್ದ ದಿನಗಳಲ್ಲಿ ದಸ್ತಗೀರ್ ಸಾಬರು ತಮ್ಮ ಬುತ್ತಿಯಲ್ಲಿ ಅರ್ಧ ರೊಟ್ಟಿ ಮುರಿದುಕೊಟ್ಟದ್ದನ್ನು ಅವನು ಹೇಳಿದ. ತನಗೆ ಎರಡು ಕೈ ಇವೆ, ಕೂಲಿಯಾದರೂ ಮಾಡಬಹುದು, ಚಾಚಾನಿಗೆ ಅದೂ ಇಲ್ಲ ಎಂದ. ಅವರ ಮನೆಗೆ ಹೋಗಿ ಏನೂ ಕೇಳಬೇಡಿ ಎಂದು ಅವಳಿಗೆ ಕೈಮುಗಿದ. ಕೈ ಹೇಗಿವೆ ಎಂದು ನೋಡಿಬರುತ್ತೇನೆ, ಅಷ್ಟೇ ಎಂದಳು ಶಶಿಕಲಾ.

ಚೀಕಲಪರ್ವಿಯಲ್ಲಿ ದಸ್ತಗೀರ್ ಸಾಬರ ಮನೆ ಹೊಳೆಯ ಕಡೆಗಿನ ಓಣಿಯಲ್ಲಿತ್ತು. ಮರುದಿನ ಅವಳು ಹೋದಾಗ ಅವರು ಪಡಸಾಲೆಯ ಹೊರಸಿನ ಮೇಲೆ ಕುಳಿತಿದ್ದರು. ಎರಡೂ ಕೈಗೆ ಬಿಳಿ ಪಟ್ಟಿ. ಹೆಂಡತಿ ಅನ್ನದ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದಳು. ಶಶಿಕಲಾಳನ್ನು ಕಂಡು ನಾಚಿ, ಸಾಕು ಎಂದು ಮುಖ ತಿರುಗಿಸಿದರು. ಒಳಗೆ ತೊಟ್ಟಿಲಲ್ಲಿ ಮೊಮ್ಮಗು ಅಳುತ್ತಿತ್ತು.

ಹುಡುಗನಿಗೆ ಸ್ವಲ್ಪ ದಿನ ಕ್ಲಾಸಿಗೆ ಬರಬೇಡ ಎಂದಿದ್ದಾರೆ, ಅಷ್ಟೇ ಎಂದು ಅವರಿಗೆ ಹೇಳಲಾಗಿತ್ತು. ಎರಡು ವರ್ಷ ಎಂದಾಗ ಅವರು ನಂಬಲಿಲ್ಲ. ಸಮಿತಿಯ ಮುಂದೆ ಅವನು ಆಡಿದ ಮಾತನ್ನು ಶಶಿಕಲಾ ಇದ್ದಂತೆ ಹೇಳಿದಳು. ಮುದುಕ ಪಟ್ಟಿ ಸುತ್ತಿದ ಕೈಯಿಂದ ಕಣ್ಣೊರೆಸಲು ಹೋಗಿ, ನೋವಾಗಿ, ಕೈ ಇಳಿಸಿದರು.

ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗುವವರೆಗೆ ಕಾದರು. ಆಮೇಲೆ ದನಿ ತಗ್ಗಿಸಿದರು.

“ಬೇಟಿ, ನಾ ಡ್ಯೂಟಿ ಬಿಟ್ಟು ಹೋಗಿದ್ದಿಲ್ಲ. ರಜಾನೂ ಕೇಳಿದ್ದಿಲ್ಲ. ವಾರ್ಡನ್ ಮೇಡಮ್ಮರ ಕಳಿಸಿದ್ರು.”

“ಯಶೋದಾ ಮೇಡಮ್ಮಾ?”

“ಹೌದು. ಸಂಜಿ ಮುಂದ ಕರದು, ಮಗಳು ದವಾಖಾನ್ಯಾಗ ಇದ್ದಾಳಂತಲ್ಲ, ಹೋಗಿ ಬರ್ರಿ, ರಾತ್ರಿ ಅಲ್ಲೇ ಇರ್ರಿ, ಗೇಟ್ ನಾ ನೋಡ್ಕೋತೀನಿ ಅಂದ್ರು. ಎಂಥಾ ದೊಡ್ಡ ಮನಸ್ಸು ಅನ್ಕೊಂಡೆ. ಹೊಂಟಾಗ ಶೆಡ್ಡಿನ ಕೀಲಿಕೈನೂ ಇಸ್ಗೊಂಡ್ರು.”

ಶಶಿಕಲಾ ಹೊರಸಿನ ಕಾಲನ್ನು ಹಿಡಿದುಕೊಂಡಳು.

ಅವರು ಮುಂದುವರಿಸಿದರು. ಮಗಳಿಗೆ ಹೆರಿಗೆ ಸುಸೂತ್ರವಾಯಿತು. ಆದರೂ ಅವರಿಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಅಷ್ಟು ಹೆಣ್ಣುಮಕ್ಕಳಿರುವ ಜಾಗ, ಗೇಟಿನಲ್ಲಿ ಗಂಡಸರಿಲ್ಲ. ಬಸ್ಸಿಲ್ಲದ್ದಕ್ಕೆ ದುರುಗೇಶನನ್ನು ಕರೆಸಿಕೊಂಡರು. ಮೇಡಂ ಕಳಿಸಿದ್ದೆಂದು ಅವನಿಗೂ ಹೇಳಲಿಲ್ಲ, ಅವರ ಉಪಕಾರಕ್ಕೆ ಹೆಸರು ಕೆಡಬಾರದೆಂದು. ಬಂದು ಇಳಿದಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಶೆಡ್ಡಿನ ಬಾಗಿಲು ತೆರೆದೇ ಇತ್ತು.

“ಕೀಲಿ ಒಡದಿದ್ದಿಲ್ಲ ಬೇಟಿ. ಕೀಲಿಕೈ ಹಾಕಿ ತೆಗದಿದ್ರು. ಕೀಲಿಕೈ ಬಾಗಲ್ದಾಗ ಇದ್ದದ್ದು ನಾ ನೋಡೀನಿ. ನಾ ಆ ರಾತ್ರಿ ತಿರುಗಿ ಬರ್ತೀನಂತ ಅವರಿಗೆ ಗೊತ್ತಿದ್ದಿಲ್ಲ.”

“ಇದನ್ನ ನೀವು ಸೋಮವಾರ ಬಂದು ಜಡ್ಜ್ ಮುಂದ ಹೇಳ್ರಿ ಚಾಚಾ. ಇಷ್ಟ ಹೇಳಿದ್ರ ಸಾಕು.”

ಅವರು ತೊಟ್ಟಿಲ ಕಡೆ ನೋಡಿದರು.

“ನನ್ನ ಕರಸಿ ಕೇಳಿದ್ರ, ಇಲ್ಲ ಅಂತೀನಿ. ಈಗ ಹೇಳಿಬಿಡ್ತೀನಿ ನಿನಗ, ಆಮ್ಯಾಲ ಬಯ್ಯಬ್ಯಾಡ. ಮೇಡಮ್ಮರು ಮೊನ್ನಿ ಇಲ್ಲಿಗೆ ಬಂದಿದ್ರು. ಅಳಿಯನಿಗೆ ನನ್ನ ಕೆಲಸ ಕೊಡಸ್ತೀನಿ ಅಂದ್ರು. ಕೂಸಿನ ಕೈಯಾಗ ನೋಟು ಇಟ್ಟು ಹೋದ್ರು. ಹೋಗೂಮುಂದ, ಬೆಂಕಿ ಅನ್ನೋದು ಹಾಸ್ಟೆಲಿಗೇ ಬರಬೇಕಂತಿಲ್ಲ ದಸ್ತಗೀರ್ ಅಂದ್ರು.”

ಶಶಿಕಲಾ ಎದ್ದಳು. ಹೊರಡುವಾಗ ಮುದುಕನ ಹೆಂಡತಿ ಎರಡು ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ, ದುರುಗೇಶನಿಗೆ ಕೊಡಿರೆಂದು ಅವಳ ಕೈಗಿತ್ತಳು.

ಮಾನ್ವಿಯ ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸಿಗೆ ಕಾಯುತ್ತ, ಇದನ್ನು ಯಾರಿಗೆ ಹೇಳುವುದೆಂದು ಒಬ್ಬೊಬ್ಬರನ್ನೇ ನೆನೆದಳು. ನ್ಯಾಯಾಧೀಶರಿಗೆ ಹೇಳಿದರೆ ಅವರು ಲಿಖಿತವಾಗಿ ಕೊಡು ಎನ್ನುತ್ತಾರೆ. ಲಿಖಿತವಾಗಿ ಕೊಟ್ಟದ್ದು ಮೊದಲು ಹೋಗುವುದು ಕಾರ್ಯದರ್ಶಿಯ ಮೇಜಿಗೆ, ಎಂದರೆ ಯಶೋದಾ ಮೇಡಂ ಕೈಗೆ. ಅಧ್ಯಕ್ಷರಿಗೆ ಹೇಳಿದರೆ ಅವರು ಮೊದಲು ತಮ್ಮ ಮಾನ ಉಳಿಸಿಕೊಳ್ಳುತ್ತಾರೆ. ಪೊಲೀಸರು ದಸ್ತಗೀರ್ ಸಾಬರನ್ನು ಕೇಳುತ್ತಾರೆ, ಅವರು ಇಲ್ಲ ಎನ್ನುತ್ತಾರೆ, ಆ ಸಂಜೆಯೇ ಚೀಕಲಪರ್ವಿಯ ಓಣಿಗೆ ಯಾರಾದರೂ ಬರುತ್ತಾರೆ.

ದುರುಗೇಶನಿಗೆ ಹೇಳಿದರೆ? ಅವನು ಸೋಮವಾರದವರೆಗೆ ಕಾಯುವುದಿಲ್ಲ. ಇವತ್ತೇ ಹಾಸ್ಟೆಲಿನ ಗೇಟಿಗೆ ಹೋಗಿ ಕೂಗುತ್ತಾನೆ. ನಾಲ್ಕು ಜನರ ಮುಂದೆ ಅವನ ಚಾಚಾನೇ ಅವನನ್ನು ಸುಳ್ಳ ಎನ್ನಬೇಕಾಗುತ್ತದೆ. ಓದು ಹೋದ ಮೇಲೂ ಹುಡುಗನ ಬಳಿ ಉಳಿದಿರುವುದು ಅದೊಂದೇ, ಚಾಚಾನ ಮೇಲಿನ ನಂಬಿಕೆ.

ಹೇಳದಿದ್ದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಸೋಮವಾರ ಆದೇಶ ಬರುತ್ತದೆ. ಬೂದೆಮ್ಮ ಯಾರನ್ನು ನಂಬಲಿ ಎಂದು ಮತ್ತೆ ಕೇಳುತ್ತಾಳೆ.

ಆದರೆ ತನಗೆ ಗೊತ್ತಾಗಿದೆ ಎಂಬುದು ಯಶೋದಾರಿಗೆ ಗೊತ್ತಾಗದಿರುವಷ್ಟು ದಿನ ಮಾತ್ರ ಆ ಮುದುಕ ಜೋಪಾನ. ಕಾವಲುಗಾರನನ್ನು ಆಚೆ ಕಳಿಸಿ ಸುಡಬೇಕಾದಂಥದು ಆ ಶೆಡ್ಡಿನಲ್ಲಿ ಏನಿತ್ತು ಎಂದು ತಿಳಿಯುವವರೆಗೆ ಯಾರಿಗೂ ಹೇಳುವುದಿಲ್ಲ. ಒಬ್ಬರಿಗೂ ಇಲ್ಲ. ಇದು ಜಾಣತನವೋ ಅಂಜಿಕೆಯೋ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಬರುವ ಮೊದಲೇ ಕೈಚೀಲದಲ್ಲಿ ಫೋನು ಹೊಡೆದುಕೊಂಡಿತು.

ದುರುಗೇಶ.

“ಮೇಡಮ್ಮರ, ಚಾಚಾ ಸಿಕ್ರೇನ್ರಿ? ಕೈ ಹ್ಯಾಂಗದಾವು? ನನ್ನ ಬಗ್ಗೆ ಏನರ ಅಂದ್ರೇನು?”

ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ರೊಟ್ಟಿಯ ಗಂಟು ಅವಳ ಮಡಿಲಲ್ಲಿ ಇನ್ನೂ ಬಿಸಿಯಾಗಿತ್ತು.

“ಇಲ್ಲ ದುರುಗೇಶ,” ಎಂದಳು ಶಶಿಕಲಾ. “ಮನ್ಯಾಗ ಯಾರೂ ಇರಲಿಲ್ಲ.”